ಮಗುವಿನ ಮೈ, ಮನೆಯ ಮಾತು

ಕೇರಳದ ಮುಖ್ಯ ಕಾರ್ಯದರ್ಶಿಯಾಗಿದ್ದ ಶಾರದಾ ಮುರಳೀಧರನ್ 2025ರ ಮಾರ್ಚ್ ತಿಂಗಳಲ್ಲಿ ಫೇಸ್‌ಬುಕ್ಕಿನಲ್ಲಿ ಒಂದು ಬರಹ ಹಾಕಿದರು. ಅವರಿಗಿಂತ ಮುಂಚೆ ಅದೇ ಕುರ್ಚಿಯಲ್ಲಿ ಕೂತಿದ್ದವರು ಅವರ ಪತಿ ವಿ. ವೇಣು. ಗಂಡನ ಆಡಳಿತ ಎಷ್ಟು ಬಿಳುಪಾಗಿತ್ತೋ ಹೆಂಡತಿಯದು ಅಷ್ಟೇ ಕಪ್ಪು ಎಂದು ಯಾರೋ ಆಡಿದ ಮಾತು ಅವರಿಗೆ ನಾಟಿತ್ತು. ಆ ಬರಹದಲ್ಲಿ ಅವರು ತಮ್ಮ ಬಾಲ್ಯದ ಒಂದು ಸಂಗತಿಯನ್ನೂ ಹೇಳಿಕೊಂಡರು. ನಾಲ್ಕು ವರ್ಷದವರಿದ್ದಾಗ ತಾಯಿಯ ಬಳಿ ಹೋಗಿ, ತನ್ನನ್ನು ವಾಪಸ್ಸು ಹೊಟ್ಟೆಯೊಳಗೆ ಇಟ್ಟುಕೊಂಡು, ಬೆಳ್ಳಗೆ ಚೆಂದವಾಗಿ ಇನ್ನೊಮ್ಮೆ ಹೆರಲು ಆಗುತ್ತದೆಯೇ ಎಂದು ಕೇಳಿದ್ದರಂತೆ. ತನ್ನ ಬಣ್ಣ ಸಾಲದು ಎಂಬ ಆ ಭಾವನೆಯ ಅಡಿಯಲ್ಲೇ ಐವತ್ತಕ್ಕೂ ಹೆಚ್ಚು ವರ್ಷ ಬದುಕಿದ್ದಾಗಿ ಬರೆದರು. ಕಪ್ಪಿನಲ್ಲಿ ಚೆಲುವಿದೆ ಎಂದು ಕೊನೆಗೆ ತೋರಿಸಿಕೊಟ್ಟವರು ಅವರ ಮಕ್ಕಳು.

ನಾಲ್ಕು ವರ್ಷ ಎಂದರೆ ಅಕ್ಷರ ತಿದ್ದಲು ಕೂರದ ವಯಸ್ಸು. ಆ ವಯಸ್ಸಿನ ಮಗುವಿಗೆ ಮದುವೆ ಮಾರುಕಟ್ಟೆ ಗೊತ್ತಿಲ್ಲ, ಜಾಹೀರಾತಿನ ಲೆಕ್ಕಾಚಾರ ಗೊತ್ತಿಲ್ಲ. ಆದರೂ ಮರುಜನ್ಮ ಬೇಡುವಷ್ಟು ಗಟ್ಟಿಯಾಗಿ ಒಂದು ವಿಷಯ ಅದಕ್ಕೆ ತಿಳಿದುಬಿಟ್ಟಿರುತ್ತದೆ. ಅದು ಎಲ್ಲಿಂದ ತಿಳಿಯಿತು ಎಂಬುದನ್ನು ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ಮಗು ತನ್ನ ಮೈಯನ್ನು ತಾನಾಗಿ ದ್ವೇಷಿಸುವುದಿಲ್ಲ. ಸುತ್ತಲಿನವರ ಮಾತನ್ನು ಕೇಳಿಸಿಕೊಳ್ಳುತ್ತದೆ. ಆ ಮಾತು ಬಹಳ ಸಲ ಅದನ್ನು ಎತ್ತಿ ಮುದ್ದಾಡುವವರ ಬಾಯಿಂದಲೇ ಬಂದಿರುತ್ತದೆ.

ಕನ್ನಡಿಯಲ್ಲಿ ಕಾಣುವ ಪಾಪು ತಾನೇ ಎಂದು ಮಗುವಿಗೆ ಗೊತ್ತಾಗುವುದು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷದ ನಡುವೆ. ಬ್ಯೂಲಾ ಆಂಸ್ಟರ್‌ಡ್ಯಾಂ ಎಂಬ ಮನೋವಿಜ್ಞಾನಿ ಇದನ್ನು ಸರಳವಾಗಿ ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದರು. ಮಗುವಿಗೆ ತಿಳಿಯದ ಹಾಗೆ ಮೂಗಿನ ಮೇಲೆ ಬಣ್ಣದ ಗುರುತು ಹಚ್ಚಿ ಕನ್ನಡಿಯ ಮುಂದೆ ಬಿಡುವುದು. ಚಿಕ್ಕ ಮಕ್ಕಳು ಕನ್ನಡಿಯೊಳಗಿನ ಮಗುವಿನೊಡನೆ ಆಟಕ್ಕಿಳಿದರೆ, ಎರಡರ ಹತ್ತಿರ ಬಂದ ಮಕ್ಕಳು ತಮ್ಮದೇ ಮೂಗು ಮುಟ್ಟಿ ನೋಡಿಕೊಂಡರು. ‘ಇದು ನಾನು’ ಎಂಬ ಅರಿವು ಹುಟ್ಟುವುದು ಆಗ. ಆ ‘ನಾನು’ ಚೆನ್ನಾಗಿದ್ದೇನೋ ಇಲ್ಲವೋ ಎಂಬ ತೀರ್ಪು ಹಿಂದೆಯೇ ಬರುತ್ತದೆ. ಅದಕ್ಕೆ ಒಂದೆರಡು ವರ್ಷ ಸಾಕು.

ಎಷ್ಟು ಬೇಗ ಎಂಬುದಕ್ಕೆ ಅಮೆರಿಕದ ಕಪ್ಪು ಜನರ ಕಥೆಯೊಂದು ಸಾಕ್ಷಿ. ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ಕಪ್ಪು ಜನಾಂಗದ ಮನೋವಿಜ್ಞಾನಿ ದಂಪತಿ 1940ರ ಸುಮಾರಿಗೆ ಮೂರರಿಂದ ಏಳು ವರ್ಷದ 253 ಕಪ್ಪು ಮಕ್ಕಳ ಮುಂದೆ ಗೊಂಬೆಗಳನ್ನಿಟ್ಟರು. ಅಚ್ಚು ಒಂದೇ; ಮೈ ಮತ್ತು ಕೂದಲಿನ ಬಣ್ಣ ಮಾತ್ರ ಬೇರೆ. ಯಾವ ಗೊಂಬೆ ಒಳ್ಳೆಯದು, ಯಾವುದರ ಜೊತೆ ಆಡುತ್ತೀಯ, ಯಾವುದು ಕೆಟ್ಟದಾಗಿ ಕಾಣುತ್ತದೆ ಎಂದು ಒಂದೊಂದಾಗಿ ಕೇಳುತ್ತ ಹೋದರು. ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು ಆಡಲು ಬಿಳಿ ಗೊಂಬೆಯನ್ನು ಆರಿಸಿಕೊಂಡರು. ಕಡೆಗೆ ಕೇಳಿದ್ದು, ‘ಇವುಗಳಲ್ಲಿ ನಿನ್ನ ಹಾಗಿರುವುದು ಯಾವುದು?’ ಎಂದು. ಕೆಟ್ಟದ್ದೆಂದು ಆಗಷ್ಟೇ ಬದಿಗೆ ತಳ್ಳಿದ ಗೊಂಬೆಯನ್ನೇ ಈಗ ‘ಇದು ನಾನು’ ಎಂದು ತೋರಿಸಬೇಕು. ಕೆಲವು ಮಕ್ಕಳು ಅಳುತ್ತ ಕೋಣೆಯಿಂದ ಓಡಿಹೋದದ್ದನ್ನು ಕೆನೆತ್ ಕ್ಲಾರ್ಕ್ ಮುಂದೆ ನೆನೆದಿದ್ದಾರೆ. ಬಿಳಿಯರಿಗೊಂದು ಕರಿಯರಿಗೊಂದು ಶಾಲೆ ನಡೆಸುವ ಪದ್ಧತಿಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 1954ರಲ್ಲಿ ಅಸಿಂಧುಗೊಳಿಸಿದಾಗ, ಆ ತೀರ್ಪಿನ ಅಡಿಟಿಪ್ಪಣಿಯಲ್ಲಿ ಕ್ಲಾರ್ಕರ ಬರಹಕ್ಕೂ ಜಾಗ ಸಿಕ್ಕಿತು. ಗೊಂಬೆ ಆಯ್ದುಕೊಂಡ ಮಕ್ಕಳ ಕೈಬೆರಳು ನ್ಯಾಯಪೀಠದವರೆಗೂ ಹೋಯಿತು.

ಕನ್ನಡದ ಮನೆಗಳಲ್ಲಿ ಈ ಪಾಠ ಮಗು ಹುಟ್ಟುವ ಮೊದಲೇ ಶುರು. ಬಸುರಿಗೆ ಕೇಸರಿ ಹಾಲು ಕೊಡುತ್ತಾರೆ. ಮಗು ಬೆಳ್ಳಗೆ ಹುಟ್ಟಲಿ ಎಂದು. ಹೆರಿಗೆಯಾದ ಸುದ್ದಿ ಬಂದರೆ ಗಂಡೋ ಹೆಣ್ಣೋ ಎಂದ ಮೇಲೆ ಬರುವ ಪ್ರಶ್ನೆ, ‘ಬಣ್ಣ ಹೇಗಿದೆ?’ ಎಂಬುದು. ನೋಡಲು ಬಂದ ಹಿರಿಯರು ಕಿವಿಯ ತುದಿ ಮಡಿಸಿ, ಮುಂದೆ ಇಷ್ಟು ಬಣ್ಣ ಬರುತ್ತದೆ ಎಂದು ಭವಿಷ್ಯ ಹೇಳುತ್ತಾರೆ. ಬಾಣಂತಿ ಕೋಣೆಯಲ್ಲಿ ಕಡಲೆಹಿಟ್ಟು, ಹಾಲಿನ ಕೆನೆ ಹಚ್ಚಿ ಎಳೆಯ ಮೈಯನ್ನು ತಿಕ್ಕುತ್ತಾರೆ. ಎಣ್ಣೆ ನೀರಿನ ಸ್ನಾನದಲ್ಲಿ ತಪ್ಪಿಲ್ಲ. ಅಜ್ಜಿಯ ಕೈಯ ಬಿಸಿ ಮಗುವಿಗೆ ಬೇಕು. ಆದರೆ ಬಣ್ಣ ತೆಗೆಯಬೇಕೆಂದು ತಿಕ್ಕಿದರೆ ನವಜಾತ ಶಿಶುವಿನ ತೆಳು ಚರ್ಮ ಕೆಂಪಾಗಿ ಉರಿದೀತೇ ಹೊರತು ಬೆಳ್ಳಗಾಗದು.

ಏಕೆಂದರೆ ಬಣ್ಣ ಮೇಲೆ ಮೆತ್ತಿಕೊಂಡ ಕೊಳೆಯಲ್ಲ. ಚರ್ಮದೊಳಗೆ ಮೆಲನಿನ್ ಎಂಬ ವರ್ಣಕವನ್ನು ತಯಾರಿಸುವ ಜೀವಕೋಶಗಳಿವೆ. ಅವುಗಳ ಸಂಖ್ಯೆ ಬೆಳ್ಳಗಿನವರಲ್ಲೂ ಕಪ್ಪಗಿನವರಲ್ಲೂ ಹೆಚ್ಚುಕಡಿಮೆ ಒಂದೇ. ಅವು ಎಷ್ಟು ವರ್ಣಕ ಮಾಡುತ್ತವೆ, ಯಾವ ಬಗೆಯದು, ಅದು ಚರ್ಮದಲ್ಲಿ ಹೇಗೆ ಹರಡಿಕೊಳ್ಳುತ್ತದೆ ಎಂಬುದರಲ್ಲಿ ವ್ಯತ್ಯಾಸ. ಅದನ್ನು ನಿರ್ಧರಿಸುವುದು ತಂದೆತಾಯಿಯಿಂದ ಬಂದ ವಂಶವಾಹಿಗಳು. ಕೇಸರಿಯ ಎಸಳಿಗೆ ಅಲ್ಲಿ ಕೆಲಸವಿಲ್ಲ. ಹುಟ್ಟಿದಾಗ ತಿಳಿಯಾಗಿದ್ದ ಮಗು ವಾರ, ತಿಂಗಳು ಕಳೆದಂತೆ ತನ್ನ ನಿಜ ಬಣ್ಣಕ್ಕೆ ಬರುವುದೂ ಈ ಕಾರಣಕ್ಕೇ. ಬಿಸಿಲು ಸುರಿಯುವ ನಾಡುಗಳಲ್ಲಿ ಸಾವಿರಾರು ತಲೆಮಾರು ಬಾಳಿದವರ ಮೈಯಲ್ಲಿ ಈ ವರ್ಣಕ ಹೆಚ್ಚು. ಅದು ಸೂರ್ಯನ ನೇರಳಾತೀತ ಕಿರಣಗಳನ್ನು ತಡೆದು, ಅವು ಜೀವಕೋಶಗಳಿಗೆ ಮಾಡುವ ಹಾನಿಯನ್ನು ತಗ್ಗಿಸುತ್ತದೆ. ಇಷ್ಟನ್ನು ಐದು ವರ್ಷದ ಮಗುವಿಗೂ ಹೇಳಬಹುದು. ‘ನಾನ್ಯಾಕೆ ಕಪ್ಪು?’ ಎಂದು ಅದು ಕೇಳಿದಾಗ, ‘ಅಪ್ಪನ ಬಣ್ಣ, ತಾತನ ಬಣ್ಣ ನಿನಗೆ ಬಂದಿದೆ, ಬಿಸಿಲಿನಿಂದ ನಿನ್ನನ್ನು ಕಾಯುವ ಬಣ್ಣ ಅದು’ ಎಂದರೆ ಉತ್ತರ ನಿಜವೂ ಹೌದು, ಮಗುವಿಗೆ ಎಟುಕುವುದೂ ಹೌದು.

ಹೆಚ್ಚಿನ ಮನೆಗಳಲ್ಲಿ ಸಿಗುವ ಉತ್ತರ ಬೇರೆ. ‘ಯಾರು ಹೇಳಿದ್ದು? ನೀನೇನೂ ಕಪ್ಪಿಲ್ಲ ಬಿಡು, ಗೋಧಿ ಬಣ್ಣ’ ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುವ ಮಾತು. ಆದರೆ ಕಪ್ಪಾಗಿರುವುದು ನಿಜವಾಗಿಯೂ ಒಂದು ಕೊರತೆ, ಅದೃಷ್ಟವಶಾತ್ ಅದು ನಿನಗಿಲ್ಲ ಎಂಬ ಅರ್ಥ ಅದರೊಳಗೆ ಕೂತಿದೆ. ‘ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ’ ಎಂಬ ಮೆಚ್ಚುಗೆಯೂ ಅಂಥದೇ. ತಂಗಿ ಬೆಳ್ಳಗೆ, ಅಕ್ಕ ಕಪ್ಪಗೆ ಇರುವ ಮನೆಯಲ್ಲಿ ನೆಂಟರು ಬಂದುಹೋದ ಮೇಲೆ ಅಕ್ಕನ ಮುಖವನ್ನೊಮ್ಮೆ ನೋಡಿದರೆ ಈ ಮೆಚ್ಚುಗೆಯ ಬೆಲೆ ತಿಳಿಯುತ್ತದೆ.

ಪುರಾಣಗಳು ಈ ವಿಷಯದಲ್ಲಿ ಇಂದಿನ ಮನೆಗಳಿಗಿಂತ ಉದಾರ. ಮಹಾಭಾರತದ ದ್ರೌಪದಿ ಕಪ್ಪು ಮೈಬಣ್ಣದವಳು, ಕೃಷ್ಣೆ ಎಂಬ ಹೆಸರೇ ಅವಳಿಗೆ ಅದರಿಂದ ಬಂತು. ಅವಳ ಚೆಲುವಿಗೆ ಎಣೆಯಿರಲಿಲ್ಲವೆಂದು ಕಾವ್ಯ ಬಣ್ಣಿಸುತ್ತದೆ. ಕ್ಯಾಲೆಂಡರು, ಟೀವಿ ಧಾರಾವಾಹಿಗಳಿಗೆ ಬಂದ ದ್ರೌಪದಿ ಮಾತ್ರ ಬೆಳ್ಳಗಾಗಿಬಿಟ್ಟಳು. ರಾತ್ರಿ ಕಥೆ ಹೇಳುವ ಅಜ್ಜಿ, ಅಮ್ಮಂದಿರು ಅವಳನ್ನು ಅವಳ ಬಣ್ಣದಲ್ಲೇ ಹೇಳಬಹುದು. ಡೊಳ್ಳು ಹೊಟ್ಟೆಯ, ಮೋಟು ಕಾಲಿನ ಗಣಪನನ್ನು ನಾಡಿನ ಮಕ್ಕಳು ಯಾವ ಷರತ್ತೂ ಇಲ್ಲದೆ ಪ್ರೀತಿಸುತ್ತಾರೆ. ಆ ಪ್ರೀತಿ ಪಕ್ಕದ ಬೆಂಚಿನ ಹುಡುಗನಿಗೆ ಸಿಗದೆ ಹೋಗುವುದೇಕೆ ಎಂದು ದೊಡ್ಡವರು ಯೋಚಿಸಬೇಕು.

ಬಣ್ಣದ ಮಾತಾಯಿತು. ಗಾತ್ರದ ಮಾತು ಇನ್ನೂ ಸಲೀಸಾಗಿ ಬರುತ್ತದೆ. ಡುಮ್ಮ, ಗುಂಡಮ್ಮ, ಕಡ್ಡಿ ಪೈಲ್ವಾನ, ಕುಳ್ಳ, ಲಂಬು: ಒಂದೊಂದು ಬೀದಿಯಲ್ಲೂ ಈ ಹೆಸರಿನ ಮಕ್ಕಳಿದ್ದಾರೆ. ಮುದ್ದಿಗೆ ಇಟ್ಟ ಹೆಸರು ಎಂದು ದೊಡ್ಡವರು ಹೇಳುತ್ತಾರೆ. ಕೆಲವೊಮ್ಮೆ ಅದು ನಿಜವೂ ಇರುತ್ತದೆ. ಪರೀಕ್ಷೆ ಸುಲಭ. ಆ ಹೆಸರು ಕರೆದಾಗ ಮಗು ಓಡಿ ಬರುತ್ತದೆಯೋ, ಅಂಗಿ ಕೆಳಗೆಳೆದುಕೊಂಡು ಹೊಟ್ಟೆ ಮುಚ್ಚಿಕೊಳ್ಳುತ್ತದೆಯೋ ನೋಡಿದರೆ ಸಾಕು.

‘ಕುಳ್ಳ’ ಎಂಬ ಗೇಲಿಯ ಹಿಂದೆ ಒಂದು ಕಹಿಯಾದ ಸಂಗತಿಯಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಬಸುರಿಯ ಅರೆಹೊಟ್ಟೆ, ಮೊದಲೆರಡು ವರ್ಷದ ಪೋಷಣೆಯ ಕೊರತೆ, ಪದೇ ಪದೇ ಬಂದ ವಾಂತಿಭೇದಿ ಇವೆಲ್ಲ ಅದಕ್ಕೆ ಕಾರಣ. ಅಂಥ ಮಗುವನ್ನು ತರಗತಿಯಲ್ಲಿ ಕುಳ್ಳ ಎಂದು ನಗುವುದೆಂದರೆ, ಅದು ಪಟ್ಟ ಹಸಿವಿಗೆ ನಗುವುದು. ಆ ಮಗುವಿಗೆ ಬೇಕಾದದ್ದು ಅಂಗನವಾಡಿಯ ಮೊಟ್ಟೆ, ಹಾಲು, ಶುದ್ಧ ನೀರು. ಜೊತೆಗೆ, ತನ್ನ ಮೈಯಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ ಎಂಬ ಭರವಸೆ.

ಇನ್ನೊಂದು ಕಡೆ ಅನಗತ್ಯ ಆತಂಕವೂ ಇದೆ. ಒಂದು ವರ್ಷದಲ್ಲಿ ಕೆನ್ನೆ ತುಂಬಿಕೊಂಡಿದ್ದ ಮಗು ನಾಲ್ಕೈದು ವರ್ಷಕ್ಕೆ ಸಪೂರವಾಗಿ, ಕಾಲುದ್ದವಾಗಿ ಕಾಣುತ್ತದೆ. ಇದು ಬೆಳವಣಿಗೆಯ ಸಹಜ ಹಂತ. ಐದಾರು ವರ್ಷದ ನಂತರ ಮೈ ಮತ್ತೆ ತುಂಬಿಕೊಳ್ಳಲು ತೊಡಗುತ್ತದೆ. ಈ ನಡುವಿನ ಕಾಲದಲ್ಲೇ ‘ಮಗು ಸೊರಗಿದೆ, ತಾಯಿ ಸರಿಯಾಗಿ ತಿನ್ನಿಸಲ್ಲ’ ಎಂಬ ದೂರು ಏಳುತ್ತದೆ, ಪಕ್ಕದ ಮನೆಯ ಮಗುವಿನ ಹೋಲಿಕೆ ಬರುತ್ತದೆ, ತಟ್ಟೆ ಹಿಡಿದು ಓಡಾಟ ಶುರುವಾಗುತ್ತದೆ. ಮಗು ಸರಿಯಾಗಿ ಬೆಳೆಯುತ್ತಿದೆಯೇ ಎಂದು ತಿಳಿಯಲು ಅಂಗನವಾಡಿಯ ಬೆಳವಣಿಗೆ ನಕ್ಷೆ ಇದೆ. ಅದಕ್ಕೆ ಆಧಾರವಾದ ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡಗಳನ್ನು ರೂಪಿಸುವಾಗ ಆರು ದೇಶಗಳ ಮಕ್ಕಳನ್ನು ಅಳೆದಿದ್ದರು, ದಿಲ್ಲಿಯ ಮಕ್ಕಳೂ ಅವರಲ್ಲಿದ್ದರು. ಒಂದು ದಿನದ ತೂಕಕ್ಕಿಂತ ತಿಂಗಳಿಂದ ತಿಂಗಳಿಗೆ ಗೆರೆ ಮೇಲೇರುತ್ತಿದೆಯೇ ಎಂಬುದು ಮುಖ್ಯ. ತೂಕದ ಬಗ್ಗೆ ಅನುಮಾನವಿದ್ದರೆ ವೈದ್ಯರೊಡನೆ, ಮಗು ಪಕ್ಕದಲ್ಲಿಲ್ಲದಾಗ ಮಾತಾಡುವುದು ಒಳ್ಳೆಯದು.

ಹೀಗೆ ಹೇಳಲು ಕಾರಣವಿದೆ. ಅಮೆರಿಕದಲ್ಲಿ ಡೇವಿಸನ್ ಮತ್ತು ಬರ್ಚ್ ಎಂಬ ಸಂಶೋಧಕಿಯರು ಐದು ವರ್ಷದ 197 ಹುಡುಗಿಯರನ್ನೂ ಅವರ ಹೆತ್ತವರನ್ನೂ ಮಾತಾಡಿಸಿ 2001ರಲ್ಲಿ ವರದಿ ಪ್ರಕಟಿಸಿದರು. ಮಗಳು ದಪ್ಪಗಾಗುತ್ತಾಳೆಂಬ ಚಿಂತೆ ತಾಯಿಗೆ ಹೆಚ್ಚಿದ್ದ ಕಡೆ, ಆ ಹುಡುಗಿಯರು ತಮ್ಮ ಬುದ್ಧಿಶಕ್ತಿಯ ಬಗ್ಗೆಯೂ ಮೈಯ ಸಾಮರ್ಥ್ಯದ ಬಗ್ಗೆಯೂ ಕೀಳಂದಾಜು ಹೊಂದಿದ್ದರು. ಹುಡುಗಿಯ ನಿಜವಾದ ತೂಕ ಎಷ್ಟೇ ಇದ್ದರೂ ಈ ನಂಟು ಹಾಗೆಯೇ ಉಳಿಯಿತು. ಐದು ವರ್ಷದ ಮಗು ‘ನನಗೆ ಲೆಕ್ಕ ಬರಲ್ಲ, ಓಡೋಕೆ ಬರಲ್ಲ’ ಎನ್ನುವುದಕ್ಕೂ ತಾಯಿಯ ಮನಸ್ಸಿನ ತೂಕದ ಚಿಂತೆಗೂ ನಂಟಿದೆ ಎಂದರೆ, ಮನೆಯೊಳಗಿನ ಪಿಸುಮಾತೂ ಎಲ್ಲಿಯವರೆಗೆ ಹೋಗುತ್ತದೆಂದು ಊಹಿಸಬಹುದು.

ಊಟದ ತಟ್ಟೆಯ ಮುಂದೆ ಈ ವಿಷಯ ಇನ್ನಷ್ಟು ಸೂಕ್ಷ್ಮ. ಎಲಿನ್ ಸ್ಯಾಟರ್ ಎಂಬ ಆಹಾರತಜ್ಞೆ ಮನೆಗಳಿಗೆ ಒಂದು ನೇರವಾದ ಸೂತ್ರ ಕೊಟ್ಟರು. ಏನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ದೊಡ್ಡವರ ಹೊಣೆ. ಎಷ್ಟು ತಿನ್ನಬೇಕು, ತಿನ್ನಬೇಕೋ ಬೇಡವೋ ಎಂಬುದು ಮಗುವಿನ ಹೊಟ್ಟೆಯ ತೀರ್ಮಾನ. ‘ಇನ್ನೊಂದು ತುತ್ತು, ಅಮ್ಮನಿಗೋಸ್ಕರ’ ಎಂದು ತುರುಕುವ ಮನೆಗೂ, ‘ಸಾಕು, ಈಗಲೇ ಡುಮ್ಮಿ ಆಗಿದ್ದೀಯ’ ಎಂದು ತಟ್ಟೆ ಎಳೆಯುವ ಮನೆಗೂ ಇದು ಹೊಂದುತ್ತದೆ. ಎರಡೂ ಕಡೆ ಮಗು ತನ್ನ ಹಸಿವಿನ ಮಾತನ್ನು ನಂಬುವುದನ್ನು ಮರೆಯುತ್ತದೆ.

ಮನೆಯ ಹೊರಗೆ ಆಟಿಕೆ ಅಂಗಡಿ ಇದೆ, ಪರದೆ ಇದೆ. ಇಂಗ್ಲೆಂಡಿನಲ್ಲಿ ಹೆಲ್ಗಾ ಡಿಟ್‌ಮರ್ ಮತ್ತು ಸಂಗಡಿಗರು ಐದರಿಂದ ಎಂಟು ವರ್ಷದ 162 ಹುಡುಗಿಯರಿಗೆ ಚಿತ್ರಪುಸ್ತಕ ತೋರಿಸಿದರು. ಕೆಲವರ ಪುಸ್ತಕದಲ್ಲಿ ಬಾರ್ಬಿ, ಕೆಲವರದರಲ್ಲಿ ಎಮಿ ಎಂಬ ಹೆಸರಿನ ಮೈತುಂಬಿದ ಗೊಂಬೆ, ಉಳಿದವರದರಲ್ಲಿ ಗೊಂಬೆಯೇ ಇಲ್ಲ. ಬಾರ್ಬಿ ಚಿತ್ರ ನೋಡಿದ ಎಳೆಯ ಹುಡುಗಿಯರಲ್ಲಿ ತಮ್ಮ ಮೈಯ ಮೇಲಿನ ಮೆಚ್ಚಿಗೆ ಕುಗ್ಗಿತು, ತೆಳ್ಳಗಾಗುವ ಆಸೆ ಹೆಚ್ಚಿತು. 2006ರಲ್ಲಿ ಪ್ರಕಟವಾದ ಈ ಅಧ್ಯಯನದ ಹತ್ತು ವರ್ಷಗಳ ಬಳಿಕ ಕಂಪನಿ ಎತ್ತರದ, ಕುಳ್ಳಗಿನ, ತುಂಬುಮೈಯ ಬಾರ್ಬಿಗಳನ್ನು ಹೊರತಂದಿತು. 1959ರಲ್ಲಿ ಹುಟ್ಟಿದ ಗೊಂಬೆಗೆ ಬೇರೆ ಮೈ ಬರಲು ಅರ್ಧ ಶತಮಾನಕ್ಕೂ ಮೀರಿ ಹಿಡಿಯಿತು.

ಫಿಜಿ ದ್ವೀಪದ ಕಥೆ ಎಳೆಯ ಮಕ್ಕಳದ್ದಲ್ಲ, ಹದಿಹರೆಯದವರದು. ಆದರೂ ಹೇಳಲೇಬೇಕು. ತುಂಬು ಮೈಯನ್ನೇ ಆರೋಗ್ಯವೆಂದು ಮೆಚ್ಚುತ್ತಿದ್ದ ಅಲ್ಲಿನ ನಂಡ್ರೋಂಗಾ ಪ್ರದೇಶಕ್ಕೆ 1995ರಲ್ಲಿ ಟೀವಿ ಬಂತು. ಆನ್ ಬೆಕರ್ ಎಂಬ ವೈದ್ಯೆ ಆಗಲೂ, ಮೂರು ವರ್ಷದ ನಂತರವೂ ಶಾಲಾ ಹುಡುಗಿಯರನ್ನು ಮಾತಾಡಿಸಿದರು. ತೂಕ ಇಳಿಸಲು ಬೇಕೆಂದೇ ವಾಂತಿ ಮಾಡಿಕೊಳ್ಳುವವರು ಮೊದಲ ಸಲ ಒಬ್ಬರೂ ಇರಲಿಲ್ಲ. 1998ರಲ್ಲಿ ಶೇಕಡಾ 11ರಷ್ಟು ಹುಡುಗಿಯರು ಹಾಗೆ ಮಾಡುತ್ತಿದ್ದರು. ಭಾರತದಲ್ಲಿ 1975ರಲ್ಲಿ ಮಾರುಕಟ್ಟೆಗೆ ಬಂದ ಮುಖ ಬಿಳುಪಿನ ಕ್ರೀಮು ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರು ಬದಲಿಸಿಕೊಂಡಿತು. ಅಷ್ಟರೊಳಗೆ ನಲವತ್ತೈದು ವರ್ಷಗಳ ಕಾಲ ಮಕ್ಕಳು ಆ ಜಾಹೀರಾತುಗಳನ್ನು ನೋಡಿ ಬೆಳೆದಿದ್ದರು. ಅವರಲ್ಲಿ ಹಲವರು ಇಂದಿನ ತಾಯ್ತಂದೆಯರು. ಹಾಗಾಗಿ ಯಾವ ತಾಯಿಯ ಕಡೆಗೂ ಬೊಟ್ಟು ಮಾಡುವುದು ನ್ಯಾಯವಲ್ಲ. ಕನ್ನಡಿಯ ಮುಂದೆ ನಿಂತು ‘ಎಷ್ಟು ದಪ್ಪ ಆಗ್ಬಿಟ್ಟಿದ್ದೀನಿ, ಈ ಬಣ್ಣಕ್ಕೆ ಯಾವ ಸೀರೆ ಒಪ್ಪುತ್ತೆ’ ಎಂದು ಗೊಣಗುವ ಅಭ್ಯಾಸ ಅವಳಿಗೂ ಯಾರೋ ಕೊಟ್ಟದ್ದೇ. ಆದರೆ ಪಕ್ಕದಲ್ಲಿ ನಿಂತ ಮಗಳಿಗೆ ಎಲ್ಲರೂ ಅಮ್ಮನ ಹಾಗೇ ಇದ್ದೀಯ ಎಂದು ಹೇಳಿರುತ್ತಾರೆ. ಅಮ್ಮ ತನ್ನ ಬಗ್ಗೆ ಆಡಿಕೊಂಡದ್ದು ಮಗಳ ಲೆಕ್ಕಕ್ಕೂ ಜಮೆಯಾಗುತ್ತದೆ. ಮಾಡಬೇಕಾದ ಮೊದಲ ಕೆಲಸ ಇಲ್ಲಿದೆ, ಕಷ್ಟದ್ದೂ ಇದೇ: ಮಕ್ಕಳ ಮುಂದೆ ತಮ್ಮ ಮೈಯನ್ನು ತಾವು ಹಳಿಯುವುದನ್ನು ದೊಡ್ಡವರು ನಿಲ್ಲಿಸುವುದು.

ಹಾಗಾದರೆ ದಿನವೂ ‘ನೀನು ಎಷ್ಟು ಚೆಂದ’ ಎಂದು ಹೊಗಳಬೇಕೇ? ಮುದ್ದಿಗೆ ಹೇಳುವುದರಲ್ಲಿ ಕೇಡಿಲ್ಲ. ಆದರೆ ಹೊಗಳಿಕೆಯೆಲ್ಲ ಅಂದದ ಸುತ್ತಲೇ ಸುತ್ತಿದರೆ, ಅಂದವೇ ಜೀವನದ ದೊಡ್ಡ ಪರೀಕ್ಷೆ ಎಂದು ಮಗು ತಿಳಿಯುತ್ತದೆ. ಅದರ ಬದಲು ಮೈ ಏನೇನು ಮಾಡಬಲ್ಲದು ಎಂಬ ಕಡೆ ಮಾತನ್ನು ತಿರುಗಿಸಬಹುದು. ಕುಂಟೆಬಿಲ್ಲೆಯಲ್ಲಿ ಗೆರೆ ಮುಟ್ಟದೆ ಹಾರಿದ ಕಾಲು, ಬಟಾಣಿ ಸುಲಿದ ಬೆರಳು, ಬಿದ್ದು ತರಚಿದ ಮೊಣಕಾಲಿನ ಮೇಲೆ ವಾರದೊಳಗೆ ತಾನಾಗಿ ಬಂದ ಹೊಸ ಚರ್ಮ: ಇವೆಲ್ಲ ಮಗುವಿಗೆ ನಿಜವಾದ ಬೆರಗು. ಬಿಸಿಲಿಗೆ ಕಪ್ಪಾಗುತ್ತೀಯ ಎಂದು ಹುಡುಗಿಯರನ್ನು ಅಂಗಳದಿಂದ ಒಳಗೆ ಕರೆಯುವ ಮನೆಗಳು ಈಗಲೂ ಇವೆ. ಅಲ್ಲಿ ಮಗು ಕಳೆದುಕೊಳ್ಳುವುದು ಒಂದು ಸಂಜೆಯ ಆಟವನ್ನಷ್ಟೇ ಅಲ್ಲ, ತನ್ನ ಕಾಲಿನ ಬಲವನ್ನು ತಾನೇ ಕಂಡುಕೊಳ್ಳುವ ಅವಕಾಶವನ್ನು.

ಮೈ ಎಲ್ಲರಂತೆ ಇಲ್ಲದ ಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಹಾಸನ ಜಿಲ್ಲೆಯ ಎಚ್. ಎನ್. ಗಿರೀಶ ಒಂದು ಕಾಲಿನ ಊನವಿದ್ದೂ 2012ರ ಲಂಡನ್ ಪ್ಯಾರಾಲಿಂಪಿಕ್ಸಿನಲ್ಲಿ 1.74 ಮೀಟರು ಎತ್ತರ ಹಾರಿ ಬೆಳ್ಳಿ ಪದಕ ತಂದರು. ಎಳವೆಯಲ್ಲೇ ಪೋಲಿಯೊಗೆ ತುತ್ತಾದ ಬೆಂಗಳೂರಿನ ಮಾಲತಿ ಹೊಳ್ಳ ಗಾಲಿಕುರ್ಚಿಯಲ್ಲೇ ಪದಕಗಳನ್ನು ಬಾಚಿಕೊಂಡು 2001ರಲ್ಲಿ ಪದ್ಮಶ್ರೀ ಪಡೆದರು, ಅಂಗವಿಕಲ ಮಕ್ಕಳಿಗಾಗಿ ಮನೆಯನ್ನೂ ಕಟ್ಟಿದರು. ಇವರ ಕಥೆ ಮಕ್ಕಳಿಗೆ ಹೇಳಬೇಕಾದದ್ದೇ. ಆದರೆ ಕಾಲೆಳೆದು ನಡೆಯುವ, ತೊನ್ನಿನ ಮಚ್ಚೆಯಿರುವ, ಸೀಳುತುಟಿಯ ಹೊಲಿಗೆ ಗುರುತಿರುವ ಮಗು ಪದಕ ತಂದ ಮೇಲೆಯೇ ಗೌರವಕ್ಕೆ ಅರ್ಹ ಎಂಬಂತೆ ಹೇಳಕೂಡದು. ಏನೂ ಗೆಲ್ಲದ ಮಗುವಿಗೂ ಬೆಂಚಿನಲ್ಲಿ ಪಕ್ಕದ ಜಾಗ ಬೇಕು, ಊಟದ ಡಬ್ಬಿ ಹಂಚಿಕೊಳ್ಳುವ ಗೆಳೆಯ ಬೇಕು. ತೊನ್ನು ಅಂಟುರೋಗವಲ್ಲ, ಮುಟ್ಟಿದರೂ, ಜೊತೆಗೆ ಉಂಡರೂ ಹರಡುವುದಿಲ್ಲ. ಶಿಕ್ಷಕಿ ಇದನ್ನು ತರಗತಿಗೆ ಒಮ್ಮೆ ಸ್ಪಷ್ಟವಾಗಿ ಹೇಳಿ, ಆ ಮಗುವಿನ ಕೈ ಹಿಡಿದು ಆಟಕ್ಕೆ ಸೇರಿಸಿದರೆ ಉಳಿದ ಮಕ್ಕಳ ಹಿಂಜರಿಕೆ ಬಹುಬೇಗ ಕರಗುತ್ತದೆ.

ಶಾಲೆಯ ಕೈಯಲ್ಲಿ ಹೀಗೆ ಬಹಳ ಇದೆ. 2020ರ ಜೂನ್‌ನಲ್ಲಿ ಪಶ್ಚಿಮ ಬಂಗಾಳದ ಬರ್ದ್ವಾನಿನ ಶಾಲೆಯೊಂದರ ಪುಟಾಣಿಗಳ ಅಕ್ಷರಪುಸ್ತಕ ಸುದ್ದಿಯಾಯಿತು. ‘ಯು’ ಅಕ್ಷರಕ್ಕೆ ಕುರೂಪ ಎಂಬರ್ಥದ ಇಂಗ್ಲಿಷ್ ಪದ, ಪಕ್ಕದಲ್ಲಿ ಕಪ್ಪು ಹುಡುಗನ ಚಿತ್ರ. ತಂದೆತಾಯಿಯರು ದೂರಿತ್ತ ಮೇಲೆ ಇಬ್ಬರು ಶಿಕ್ಷಕಿಯರನ್ನು ಅಮಾನತು ಮಾಡಿದರು. ಪುಸ್ತಕದ ತಪ್ಪು ಕಣ್ಣಿಗೆ ಬಿತ್ತು. ಕಣ್ಣಿಗೆ ಬೀಳದವು ಬೇಕಾದಷ್ಟಿವೆ. ಚಿತ್ರಕಲೆಯ ಪೀರಿಯಡ್ಡಿನಲ್ಲಿ ‘ಸ್ಕಿನ್ ಕಲರ್ ಕೊಡೋ’ ಎಂದು ಮಕ್ಕಳು ಕೇಳಿ ಪಡೆಯುವುದು ತೆಳು ಗುಲಾಬಿ ಬಣ್ಣದ ಕಡ್ಡಿಯನ್ನು. ಕೇಳಿದವನ ಮೈಗೂ ಕೊಟ್ಟವನ ಮೈಗೂ ಅದು ಹೊಂದುವುದಿಲ್ಲ. ಅಮೆರಿಕದ ಕ್ರಯೋಲ ಕಂಪನಿ ಅಂಥದೇ ಹೆಸರೊಂದನ್ನು 1962ರಲ್ಲೇ ಕೈಬಿಟ್ಟಿತು, 2020ರಲ್ಲಿ 24 ಮೈಬಣ್ಣಗಳ ಪೆಟ್ಟಿಗೆ ತಂದಿತು. ಅದು ಸಿಗದ ಊರಿನಲ್ಲೂ ಕಂದು, ಹಳದಿ, ಕೆಂಪು, ಕಪ್ಪು ಕಲಸಿ ನಿನ್ನ ಅಂಗೈ ಹಿಂಬದಿಯ ಬಣ್ಣವನ್ನು ಹುಡುಕು ಎಂದು ಮಗುವಿಗೆ ಹೇಳಬಹುದು. ತರಗತಿಯ ಗೋಡೆಗೆ ಆ ಎಲ್ಲ ಅಂಗೈ ಚಿತ್ರಗಳನ್ನು ಅಂಟಿಸಿದರೆ ಎರಡು ಒಂದೇ ತೆರನಾಗಿರುವುದು ಅಪರೂಪ.

ಮಕ್ಕಳ ಶಿಕ್ಷಣ ಹಕ್ಕಿನ 2009ರ ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದಂತೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ತಂದೆತಾಯಿಯರಿಗೆ ಇದು ತಿಳಿದಿರಬೇಕು. ಮಗು ಶಾಲೆಗೆ ಹೋಗಲು ಒಲ್ಲೆನ್ನುತ್ತಿದ್ದರೆ, ಪದೇ ಪದೇ ಮುಖ ತೊಳೆಯುತ್ತಿದ್ದರೆ, ಪೌಡರು ಬಳಿದುಕೊಂಡು ಹೊರಡುತ್ತಿದ್ದರೆ, ಗ್ರೂಪ್ ಫೋಟೋದಲ್ಲಿ ಹಿಂದೆ ಸರಿಯುತ್ತಿದ್ದರೆ ಬೈಯದೆ ಕೂರಿಸಿಕೊಂಡು ಕೇಳಬೇಕು. ಮೊದಲ ದಿನ ಹೇಳದಿದ್ದರೆ ಇನ್ನೊಂದು ದಿನ ಹೇಳೀತು. ‘ಅಷ್ಟಕ್ಕೆಲ್ಲ ಅಳ್ತಾರಾ’ ಎಂದುಬಿಟ್ಟರೆ ಮತ್ತೆಂದೂ ಹೇಳದು.

ವರ್ಷಾವರ್ಷ ಡಿಸೆಂಬರು, ಜನವರಿಯ ಹೊತ್ತಿಗೆ ಶಾಲೆಗಳಲ್ಲಿ ವಾರ್ಷಿಕೋತ್ಸವದ ತಾಲೀಮು ನಡೆಯುತ್ತದೆ. ನೃತ್ಯದ ಮುಂದಿನ ಸಾಲಿಗೆ ಬೆಳ್ಳಗಿನವರು, ಹಿಂದಿನ ಸಾಲಿಗೆ ಕಪ್ಪಗಿನವರು. ಸೀತೆಗೆ ಬಿಳಿ ಹುಡುಗಿ, ಶೂರ್ಪನಖಿಗೆ ಕಪ್ಪು ಹುಡುಗಿ. ದಪ್ಪಗಿನವನು ಕುಂಭಕರ್ಣನೇ ಆಗಬೇಕು. ಯಾರೂ ಹೀಗೆಂದು ಬರೆದಿಟ್ಟಿಲ್ಲ, ಆದರೂ ಎಷ್ಟೋ ಶಾಲೆಗಳಲ್ಲಿ ಪಾತ್ರ ಹಂಚುವುದು ಹೀಗೆಯೇ. ಮಾತು ಸ್ಪಷ್ಟವಿರುವ ಹುಡುಗಿಗೆ ಸೀತೆಯ ಪಾತ್ರ ಕೊಡಿ, ತಾಳಕ್ಕೆ ಕಾಲು ಹೊಂದಿಸುವ ಹುಡುಗನನ್ನು ಮುಂದೆ ನಿಲ್ಲಿಸಿ ಎಂದು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಒಬ್ಬ ತಂದೆ, ಒಬ್ಬ ತಾಯಿ ಎದ್ದುನಿಂತು ಕೇಳಬಹುದು. ಪಾತ್ರಗಳನ್ನು ಹಂಚುವುದಕ್ಕೆ ಮೊದಲೇ ಕೇಳಬೇಕು. ಹೆಸರಿನ ಪಟ್ಟಿ ಗೋಡೆಗೆ ಬಿದ್ದ ಮೇಲೆ ಮಕ್ಕಳು ಅದನ್ನು ಓದಿಯಾಗಿರುತ್ತದೆ.